ಆಂಟಿಬಾಡಿಯೋ, ಪಿಸಿಆರೋ: ಬಿಡದ ಸುಸ್ತಿಗೆ ಯಾವ ಟೆಸ್ಟ್?

ಜ್ವರ ಬಿಟ್ಟು ತಿಂಗಳುಗಳಾದರೂ ಸುಸ್ತು ಬಿಡದಿದ್ದರೆ ವೈರಸ್ ಮೇಲೆ ಅನುಮಾನ ಬರುವುದು ಸಹಜ. ಇಂಥ ಸುಸ್ತು ಕ್ರಾನಿಕ್ ಫಟೀಗ್ ಸಿಂಡ್ರೋಮ್ (ದೀರ್ಘಕಾಲ ಕಾಡುವ ಸುಸ್ತಿನ ಕಾಯಿಲೆ) ಆಗಿರಬಹುದು.

ಆಂಟಿಬಾಡಿ ಎಂದರೆ ಸೋಂಕಿನ ವಿರುದ್ಧ ದೇಹ ತಯಾರಿಸುವ ಪ್ರೋಟೀನು; ಅದರ ಟೆಸ್ಟ್ ತೋರಿಸುವುದು ದೇಹದ ನೆನಪನ್ನು. ಉದಾಹರಣೆಗೆ, ಇಂಥ ಸುಸ್ತಿನಲ್ಲಿ ಅನುಮಾನಕ್ಕೆ ಗುರಿಯಾಗುವ ಎಪ್‌ಸ್ಟೀನ್-ಬಾರ್ ವೈರಸ್ ವಯಸ್ಕರಲ್ಲಿ ಶೇ. 90ಕ್ಕೂ ಹೆಚ್ಚು ಮಂದಿಗೆ ಎಂದೋ ತಗುಲಿರುತ್ತದೆ. ರಿಪೋರ್ಟಿನಲ್ಲಿ ‘ಐಜಿಜಿ ಪಾಸಿಟಿವ್’ (ಹಳೆಯ ಸೋಂಕಿನ ಗುರುತಾಗಿ ಉಳಿಯುವ ಆಂಟಿಬಾಡಿ ಇದೆ) ಎಂದು ದಪ್ಪಕ್ಷರದಲ್ಲಿ ಕಂಡರೆ ದಯವಿಟ್ಟು ಗಾಬರಿಯಾಗಬೇಡಿ, ಅದು ಸಾಮಾನ್ಯವಾಗಿ ಜೀವನಪೂರ್ತಿ ಹಾಗೇ ಇರುತ್ತದೆ. ಸೋಂಕಿನ ಶುರುವಿನಲ್ಲಿ ಬರುವ ಐಜಿಎಂ ಆಂಟಿಬಾಡಿ ಇದ್ದರೆ ಸೋಂಕು ಇತ್ತೀಚಿನದಿರಬಹುದು.

ಪಿಸಿಆರ್ ಹುಡುಕುವುದು ವೈರಸ್ಸಿನ ವಂಶವಾಹಿಯನ್ನೇ. ಹೆಚ್ಚು ನಿಖರ, ಆದರೆ ತೀರಾ ಸೂಕ್ಷ್ಮವಾದ್ದರಿಂದ ಚೂರು ಕಲಬೆರಕೆಯೂ ದಾರಿ ತಪ್ಪಿಸಬಹುದು: 2009ರಲ್ಲಿ ಈ ಕಾಯಿಲೆಗೆ ಎಕ್ಸ್‌ಎಂಆರ್‌ವಿ ವೈರಸ್ಸಿನ ನಂಟಿದೆ ಎಂದ ಪ್ರಬಂಧ, ಲ್ಯಾಬಿನ ಕಲಬೆರಕೆ ಬಯಲಾಗಿ 2011ರಲ್ಲಿ ವಾಪಸಾಯಿತು. ಎಷ್ಟು ರೋಗಿಗಳ ಆಸೆ ಕಮರಿತೋ!

ಜ್ವರ ಬಂದು ಕೆಲವೇ ವಾರವಾಗಿದ್ದರೆ ನನ್ನ ಆಯ್ಕೆ ಆಂಟಿಬಾಡಿ. ವರ್ಷ ಕಳೆದಿದ್ದರೆ ಎರಡಕ್ಕಿಂತ ಮೊದಲು ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸಿ. ಈ ಕಾಯಿಲೆಯನ್ನು ಖಚಿತಪಡಿಸುವ ವೈರಸ್ ಟೆಸ್ಟ್ ಇನ್ನೂ ಬಂದಿಲ್ಲ.