ಕಬ್ಬಿಣದ ಬ್ಲಾಕೋ, ಅಲ್ಯೂಮಿನಿಯಂ ಬ್ಲಾಕೋ?

ಕಾರಿನ ಎಂಜಿನ್ ಬ್ಲಾಕಿನಲ್ಲಿ (ಪಿಸ್ಟನ್‌ಗಳು ಓಡಾಡುವ ಸಿಲಿಂಡರುಗಳಿರುವ ಎಂಜಿನ್‌ನ ಮುಖ್ಯ ಒಡಲು) ಆಯ್ಕೆ ಮೂರು: ಎರಕದ ಕಬ್ಬಿಣ, ಕಬ್ಬಿಣದ ಲೈನರ್ (ಸಿಲಿಂಡರಿನ ಒಳಗೋಡೆಯಾಗುವ ಕೊಳವೆ) ಕೂರಿಸಿದ ಅಲ್ಯೂಮಿನಿಯಂ, ಲೈನರ್ ಇಲ್ಲದ ಅಲ್ಯೂಮಿನಿಯಂ.

ತೂಕದ ಮಾತು ಬೇಗ ಮುಗಿಯುತ್ತದೆ. ಘನ ಸೆಂಟಿಮೀಟರಿಗೆ ಅಲ್ಯೂಮಿನಿಯಂ 2.7 ಗ್ರಾಂ, ಕಬ್ಬಿಣ ಸುಮಾರು 7.2. ಆದರೆ ಅಲ್ಯೂಮಿನಿಯಂ ಮೆದು. ಗೋಡೆ ದಪ್ಪ ಮಾಡಬೇಕಾಗುವುದರಿಂದ ಉಳಿತಾಯ ಅಷ್ಟೇ ಪ್ರಮಾಣದಲ್ಲಿ ಸಿಗುವುದಿಲ್ಲ.

ನಿಜವಾದ ಪರೀಕ್ಷೆ ಬಿಸಿಯದು. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಸೋರಿದ ಮೇಲೂ ಓಡಿಸಿದರೆ ಬ್ಲಾಕಿನ ಮೇಲೆ ಮುಚ್ಚಳದಂತೆ ಕೂರುವ ಹೆಡ್ ಸೊಟ್ಟಗಾಗಿ, ಎರಡರ ನಡುವೆ ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗುತ್ತದೆ. ಕಬ್ಬಿಣದ ಬ್ಲಾಕ್ ಇದನ್ನು ಹೆಚ್ಚು ತಾಳಿಕೊಂಡರೂ, ಅದರ ಮೇಲಿನ ಹೆಡ್ ಸಾಮಾನ್ಯವಾಗಿ ಅಲ್ಯೂಮಿನಿಯಮ್ಮೇ ಎಂಬುದನ್ನು ಮರೆಯಬೇಡಿ. ಕೂಲೆಂಟ್ ಬದಲು ಬರೀ ನೀರು ತುಂಬಿದರೆ ತುಕ್ಕುನಿರೋಧಕವಿಲ್ಲದೆ ಒಳದಾರಿಗಳು ಕೊರೆದುಹೋಗುತ್ತವೆ.

ರಿಪೇರಿಯಲ್ಲಿ ವ್ಯತ್ಯಾಸ ದೊಡ್ಡದು. ಸವೆದ ಕಬ್ಬಿಣದ ಬೋರನ್ನು (ಸಿಲಿಂಡರಿನ ಒಳರಂಧ್ರ) ಕೊರೆದು 0.25 ಅಥವಾ 0.5 ಮಿ.ಮೀ. ದೊಡ್ಡ ಪಿಸ್ಟನ್ ಹಾಕಬಹುದು. ಲೈನರಿಗೂ, ದಪ್ಪ ಸಾಕಷ್ಟಿದ್ದರೆ, ಇದೇ ದಾರಿ. ಲೈನರ್ ಇಲ್ಲದ ಬ್ಲಾಕಿನಲ್ಲಿ, ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪನದ ಬೋರಿಗೆ ಮರುಲೇಪನ ಅಥವಾ ಹೊಸ ಲೈನರ್ ಬೇಕು. 1990ರ ದಶಕದಲ್ಲಿ ಗಂಧಕ ಹೆಚ್ಚಿದ್ದ ಪೆಟ್ರೋಲ್ ಇಂಥ ಲೇಪನಗಳನ್ನು ಹಾಳುಮಾಡಿತ್ತು.

ಇನ್ನೊಂದು: ಅಲ್ಯೂಮಿನಿಯಂ ಹೆಡ್ ಬಿಸಿಯಿದ್ದಾಗ ಸ್ಪಾರ್ಕ್ ಪ್ಲಗ್ ಬಿಚ್ಚಬೇಡಿ, ಪ್ಲಗ್ ಕೂರುವ ರಂಧ್ರದ ತಿರುಪಿನ ಎಳೆ (ಥ್ರೆಡ್) ಕಿತ್ತುಬರಬಹುದು.

ಭಾರ ಎಳೆಯುವ, ಬಹುಕಾಲ ಇಟ್ಟುಕೊಳ್ಳುವ ಗಾಡಿಗೆ ಕಬ್ಬಿಣ ಒಪ್ಪುತ್ತದೆ. ದಿನದ ಓಡಾಟಕ್ಕೆ, ಇಂಧನ ಉಳಿತಾಯಕ್ಕೆ ಲೈನರ್ ಇರುವ ಅಲ್ಯೂಮಿನಿಯಂ. ಲೈನರ್ ಇಲ್ಲದ್ದು, ನುರಿತ ಮಷಿನ್ ಶಾಪ್ ಕೈಗೆಟಕುವವರಿಗೆ ಮಾತ್ರ; ಸೆಕೆಂಡ್ ಹ್ಯಾಂಡ್ ಆದರೆ ಕೊಳ್ಳುವ ಮುನ್ನ ಬೋರಿನೊಳಗೆ ಕ್ಯಾಮೆರಾ ಇಳಿಸಿ ಗೀರುಗಳನ್ನು ನೋಡಿ.