ರಿಮಾರ್ಕ್ಸ್ ಬಾಕ್ಸ್‌ನಲ್ಲಿ ಬರೆದದ್ದು ಎಲ್ಲಿಗೆ ಹೋಯ್ತು? ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ರಿವ್ಯೂ

ಪೀಣ್ಯ ಎರಡನೇ ಹಂತದ ಒಂದು ಸಿಎನ್‌ಸಿ ಶಾಪ್‌ನಲ್ಲಿ (ಕಂಪ್ಯೂಟರ್ ನಡೆಸುವ ಮಷಿನ್‌ನಲ್ಲಿ ಲೋಹದ ಬಿಡಿಭಾಗ ಕಡೆಯುವ ಕಾರ್ಖಾನೆ) ಅಕೌಂಟ್ಸ್ ನನ್ನ ಕೆಲಸ. 2023ರ ಆಗಸ್ಟ್ 1ರಿಂದ ವರ್ಷಕ್ಕೆ 5 ಕೋಟಿ ವಹಿವಾಟು ದಾಟಿದವರೂ ಇ-ಇನ್‌ವಾಯ್ಸ್, ಅಂದರೆ ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವುದು, ಮಾಡಲೇಬೇಕು ಅಂತಾಯ್ತಲ್ಲ, ಆಗ ತಗೊಂಡ ಸಾಫ್ಟ್‌ವೇರ್ ಇದು. ಹೆಸರು ಹಾಕುವುದಿಲ್ಲ. ದೂರು ಜಾಸ್ತಿ ಇದೆ, ಸುಮ್ನೆ ಯಾಕೆ ರಗಳೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಬಟನ್ ಒತ್ತಿದರೆ ಐಆರ್‌ಎನ್ (ಬಿಲ್‌ಗೆ ಪೋರ್ಟಲ್ ಕೊಡುವ ನೋಂದಣಿ ಸಂಖ್ಯೆ) ಬರುತ್ತದೆ, ಕ್ಯೂಆರ್ ಸರಿಯಾಗಿ ಪ್ರಿಂಟ್ ಆಗುತ್ತದೆ, ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಅಲ್ಲೇ ಆಗುತ್ತದೆ. ತೆರಿಗೆ ಲೆಕ್ಕದಲ್ಲಿ ಇವತ್ತಿನವರೆಗೆ ಒಂದು ಪೈಸೆ ತಪ್ಪಿಲ್ಲ.

ತೊಂದರೆ ಇರುವುದು ಅಂಕಿಯಲ್ಲಿ ಅಲ್ಲ, ಅಕ್ಷರದಲ್ಲಿ. ನಮ್ಮದು ಜಾಬ್ ವರ್ಕ್, ಗಿರಾಕಿ ಕಳಿಸಿದ ಮಾಲಿಗೆ ಕೆಲಸ ಮಾಡಿ ಕೊಡುವುದು. ಇಂಥ ಬಿಲ್‌ನಲ್ಲಿ ಮಾತು ಜಾಸ್ತಿ. ನಿಮ್ಮ ಡಿಸಿ (ಮಾಲಿನ ಜೊತೆ ಬಂದ ಡೆಲಿವರಿ ಚಲನ್) ನಂಬರ್ ಇಷ್ಟು, ಹೀಟ್ ನಂಬರ್ (ಲೋಹ ಕರಗಿಸಿದ ಬ್ಯಾಚಿನ ಗುರುತು) ಇಷ್ಟು, ಡ್ರಾಯಿಂಗ್ ರಿವಿಷನ್ ಬದಲಾಗಿದೆ, ಇಷ್ಟು ಪೀಸ್ ರಿಜೆಕ್ಷನ್‌ಗೆ ಬದಲಿ. ಇದನ್ನೆಲ್ಲ ತುಂಬಲು ಸಿಗುವುದು ಒಂದೇ ರಿಮಾರ್ಕ್ಸ್ ಬಾಕ್ಸ್. ಸರ್ಕಾರದ ಸ್ಕೀಮಾದಲ್ಲಿ, ಅಂದರೆ ಇ-ಇನ್‌ವಾಯ್ಸ್‌ನ ನಿಗದಿತ ನಮೂನೆಯಲ್ಲಿ, ಆ ಜಾಗಕ್ಕೆ 100 ಅಕ್ಷರದ ಮಿತಿ ಇದೆ. ಇರಲಿ, ಅದು ರೂಲು. ಆದರೆ ಈ ಸಾಫ್ಟ್‌ವೇರ್ ಎಷ್ಟು ಬೇಕಾದರೂ ಟೈಪ್ ಮಾಡಲು ಬಿಡುತ್ತದೆ. ಪ್ರಿಂಟ್‌ನಲ್ಲಿ ಪೂರ್ತಿ ತೋರಿಸುತ್ತದೆ. ಪೋರ್ಟಲ್‌ಗೆ ಕಳಿಸುವಾಗ ಮಾತ್ರ ನೂರಕ್ಕೆ ಕತ್ತರಿ ಹಾಕುತ್ತದೆ, ಒಂದು ಮಾತೂ ಹೇಳದೆ!

ನಮ್ಮ ದೊಡ್ಡ ಗಿರಾಕಿಯೊಬ್ಬರು ಪೇಪರ್ ನೋಡುವುದೇ ಇಲ್ಲ, ಪೋರ್ಟಲ್‌ಗೆ ಹೋದ ಬಿಲ್‌ನ ಡೇಟಾ ಇರುವ ಜೆಸನ್ (JSON) ಫೈಲನ್ನು ನೇರ ಅವರ ಸಿಸ್ಟಂಗೆ ಎಳೆದುಕೊಳ್ಳುತ್ತಾರೆ. ಒಮ್ಮೆ 48 ಬುಷ್‌ಗೆ (ಕೊಳವೆಯಂಥ ಬಿಡಿಭಾಗ) ಬಿಲ್ ಮಾಡಿ, ಹಳೇ ರಿಜೆಕ್ಷನ್‌ಗೆ ಬದಲಿಯಾಗಿ ಇನ್ನೆರಡು ಫ್ರೀ ಅಂತ ರಿಮಾರ್ಕ್ಸ್ ಕೊನೆಯಲ್ಲಿ ಬರೆದು ಕಳಿಸಿದ್ದೆವು. ಆ ಕೊನೆಯೇ ಹಾರಿಹೋಗಿತ್ತು. ಸಿಸ್ಟಂನಲ್ಲಿ 48, ಗಾಡಿಯಲ್ಲಿ 50. ಸ್ಟೋರ್ಸ್‌ನವರು ಗೇಟಲ್ಲೇ ಗಾಡಿ ನಿಲ್ಲಿಸಿದರು. ಕ್ಯೂಆರ್ ಸ್ಕ್ಯಾನ್ ಮಾಡಿದರೂ ಪ್ರಯೋಜನವಿಲ್ಲ, ಅದರಲ್ಲಿ ಜಿಎಸ್‌ಟಿ ನಂಬರ್, ಬಿಲ್ ನಂಬರ್, ತಾರೀಖು, ಮೊತ್ತದಂಥವು ಇರುತ್ತವೆ ಹೊರತು ರಿಮಾರ್ಕ್ಸ್ ಇರುವುದಿಲ್ಲ. ಕ್ಯಾನ್ಸಲ್ ಮಾಡೋಣ ಅಂದರೆ 24 ಗಂಟೆ ಟೈಮ್ ಇದೆ, ಸರಿ. ಆದರೆ ಇ-ವೇ ಬಿಲ್ ಚಾಲ್ತಿಯಲ್ಲಿದ್ದರೆ ಅದೂ ಆಗುವುದಿಲ್ಲ. ಕ್ಯಾನ್ಸಲ್ ಆಯ್ತು ಅಂದರೂ ಅದೇ ಬಿಲ್ ನಂಬರ್ ಮತ್ತೆ ಸಿಗುವುದಿಲ್ಲ.

ಸಪೋರ್ಟ್‌ಗೆ ಫೋನ್ ಮಾಡಿದೆ. ಹುಡುಗ ಮರ್ಯಾದೆಯಿಂದಲೇ ಮಾತಾಡಿದ. ‘ಅದು ಪೋರ್ಟಲ್ ರೂಲ್ ಸಾರ್’ ಅಂದ. ಮಿತಿ ಪೋರ್ಟಲ್‌ದು, ಒಪ್ಪಿದೆ. ಗೊತ್ತಾಗದ ಹಾಗೆ ಕತ್ತರಿಸುವುದು ಯಾರದ್ದು?

ನನಗೆ ಇನ್ನೂ ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಸ್ಕೀಮಾ ತೆಗೆದು ಓದಿದರೆ ಫ್ರೀ ಕ್ವಾಂಟಿಟಿಗೇ ಒಂದು ಕಾಲಂ ಇದೆ. ಬ್ಯಾಚ್‌ಗೆ ಇದೆ, ಹೀಟ್ ನಂಬರನ್ನು ಅಲ್ಲಿ ಹಾಕಬಹುದು. ಗಿರಾಕಿಯ ಪಿಒ (ಖರೀದಿ ಆರ್ಡರ್) ನಂಬರ್‌ಗೆ ಇದೆ. ಐಟಂ ವಿವರಣೆಗೆ 300 ಅಕ್ಷರ ಜಾಗ ಇದೆ. ಈ ಸಾಫ್ಟ್‌ವೇರ್ ಇವುಗಳಲ್ಲಿ ಪಿಒ ನಂಬರನ್ನು ಸರಿಯಾಗಿ ಕೊಟ್ಟಿದೆ, ಫ್ರೀ ಕ್ವಾಂಟಿಟಿ ಮತ್ತು ಬ್ಯಾಚನ್ನು ಸ್ಕ್ರೀನ್‌ಗೇ ತಂದಿಲ್ಲ, ವಿವರಣೆಯನ್ನು ಒಂದು ಚಿಕ್ಕ ಸಾಲಿಗೆ ಮುಗಿಸಿದೆ. ಹಾಗಾಗಿ ಎಲ್ಲವೂ ರಿಮಾರ್ಕ್ಸ್‌ಗೆ ಬಂದು ಬೀಳುತ್ತವೆ, ಮನೆಯ ಅಟ್ಟಕ್ಕೆ ಸಾಮಾನು ಎಸೆದ ಹಾಗೆ. ಗಿರಾಕಿಯ ಕಂಪ್ಯೂಟರ್‌ಗೆ ಅದರಲ್ಲಿ ಯಾವುದು ಡಿಸಿ, ಯಾವುದು ಹೀಟ್ ಅಂತ ಹೇಗೆ ಗೊತ್ತಾಗಬೇಕು? ಕೊನೆಗೆ ಅಲ್ಲೂ ಒಬ್ಬರು ಕೂತು ಓದಿ ಕೈಯಲ್ಲೇ ಎಂಟ್ರಿ ಮಾಡುತ್ತಾರೆ.

ಇಂಚಿನ ಕಥೆ ಬೇರೆ. ಅರ್ಧ ಇಂಚು ಬುಷ್ ಅನ್ನು ಶಾಪ್‌ನಲ್ಲಿ ಎಲ್ಲರೂ 1/2" ಅಂತಲೇ ಬರೆಯುವುದು. ಆ ಡಬಲ್ ಕೋಟ್ ಜೆಸನ್‌ನಲ್ಲಿ ಅಕ್ಷರಗಳ ಸಾಲು ಮುಗಿಯಿತು ಅನ್ನುವ ಗುರುತು. ಇಂಥದ್ದನ್ನು ಸಾಫ್ಟ್‌ವೇರೇ ಮೊದಲು ಹಿಡಿದು ‘ಇಲ್ಲಿ ತೆಗೀರಿ’ ಅನ್ನಬೇಕಲ್ವಾ? ಇದು ಬರೀ ‘ಇನ್‌ವ್ಯಾಲಿಡ್ ರಿಕ್ವೆಸ್ಟ್’ ಅನ್ನುತ್ತದೆ. ಯಾವ ಐಟಂ, ಯಾವ ಸಾಲು, ಏನೂ ಇಲ್ಲ. ಈಗ ಐಟಂ ಮಾಸ್ಟರ್‌ನಲ್ಲಿ ಎಲ್ಲ ಕಡೆ ‘ಇಂಚ್’ ಅಂತ ಬರೆಸಿದ್ದೇನೆ.

ಐದಕ್ಕೆ ಎರಡೂವರೆ ಕೊಡುತ್ತೇನೆ. ಬರೀ ಕಿರಾಣಿ ಸರಕಿನ ಬಿಲ್ ಮಾಡುವವರಿಗೆ ನಾಲ್ಕು ಕೊಡಬಹುದು, ಅವರಿಗೆ ಇಷ್ಟು ಮಾತಿನ ಅಗತ್ಯವೇ ಇಲ್ಲ. ಜಾಬ್ ವರ್ಕ್‌ನವರು ದುಡ್ಡು ಕಟ್ಟುವ ಮೊದಲು ಡೆಮೋದಲ್ಲಿ 120 ಅಕ್ಷರದ ರಿಮಾರ್ಕ್ ಮತ್ತು ಒಂದು ಇಂಚಿನ ಐಟಂ ಹಾಕಿಸಿ ನೋಡಿ. ಪಿಡಿಎಫ್ ತೋರಿಸಿದರೆ ಸಾಕಾಗುವುದಿಲ್ಲ, ಜೆಸನ್ ಫೈಲನ್ನೇ ತೆರೆಸಿ.