ದೊಡ್ಡ ಅಕ್ಷರದ ರೆಫರೆನ್ಸ್ ಬೈಬಲ್: ಹತ್ತು ತಿಂಗಳು ಓದಿದ ಮೇಲೆ

ಕಣ್ಣಿನ ಪೊರೆ ಆಪರೇಷನ್ ಆದ ಮೇಲೂ ನಮ್ಮ ಅತ್ತೆಗೆ ಹಳೆ ಬೈಬಲಿನ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಅದಕ್ಕೇ ದೊಡ್ಡ ಅಕ್ಷರದ ಕನ್ನಡ ರೆಫರೆನ್ಸ್ ಬೈಬಲ್ ತಂದೆ. ಒಂದು ವಾಕ್ಯಕ್ಕೆ ಹೊಂದುವ ಬೇರೆ ವಾಕ್ಯಗಳು ಎಲ್ಲಿವೆ ಅಂತ ಪುಟದ ಅಡಿಯಲ್ಲೇ ತೋರಿಸುವ ಬೈಬಲ್ ಅದು. ಕಪ್ಪು ಹೊದಿಕೆ, ಸುತ್ತ ಜಿಪ್, ಪುಟದ ಪಕ್ಕದಲ್ಲಿ ಬರೆಯಲು ಒಂದು ಬೆರಳಗಲ ಜಾಗ. ತೂಕ ಜಾಸ್ತಿ. ಅತ್ತೆ ತೊಡೆ ಮೇಲೆ ದಿಂಬು ಇಟ್ಟುಕೊಂಡು ಅದರ ಮೇಲೆ ಇದನ್ನು ಇಟ್ಟು ಓದುತ್ತಾರೆ.

ಭಾಷೆ ನಾವು ಚಿಕ್ಕಂದಿನಿಂದ ಕೇಳಿದ್ದೇ. ಬಳ್ಳಾರಿಯಲ್ಲಿದ್ದ ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಶ್ರಮದಿಂದ 1831ರಲ್ಲಿ ಇಡೀ ಬೈಬಲ್ ಕನ್ನಡಕ್ಕೆ ಬಂತು. ಆಮೇಲೆ ಎಷ್ಟೋ ತಿದ್ದುಪಡಿ ಆಗಿದೆ. ಆದರೂ ಓದುವಾಗ ಒಂದು ಹಳೆಯ ಗತ್ತು ಉಳಿದಿದೆ. ಅತ್ತೆಗೆ ಅದೇ ಬೇಕು.

ದೊಡ್ಡ ಕೊರತೆ ಒಂದಿದೆ. ವಾಕ್ಯಗಳ ಅಕ್ಷರ ದೊಡ್ಡದು, ಸರಿ. ಆದರೆ ಅಡಿಯಲ್ಲಿ ಕೊಟ್ಟಿರುವ ರೆಫರೆನ್ಸ್ ಸಾಲುಗಳು ಇರುವೆ ಸಾಲಿನ ಹಾಗಿವೆ. ಕಣ್ಣು ಕಾಣದವರಿಗೆ ಅಂತಲೇ ಮಾಡಿದ ಪುಸ್ತಕದಲ್ಲಿ ಹೀಗೆ ಮಾಡಬಾರದಿತ್ತು. ಅತ್ತೆಗೆ ಅವು ಕಾಣುವುದೇ ಇಲ್ಲ. ಹಾಗಾಗಿ ರಾತ್ರಿ ಊಟ ಆದ ಮೇಲೆ ಅವರು ಅಧ್ಯಾಯ ಓದುತ್ತಾರೆ, ನಾನು ಪಕ್ಕದಲ್ಲಿ ಕೂತು ರೆಫರೆನ್ಸ್ ಹುಡುಕಿ ಓದುತ್ತೇನೆ.

ಒಂದು ರಾತ್ರಿ ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 18ನೇ ಅಧ್ಯಾಯ ಬಂತು. ಪಾಪದಲ್ಲಿ ಮುಳುಗಿದ ಸೊದೋಮ್ ಎಂಬ ಊರಿನ ಮೇಲೆ ದೇವರ ತೀರ್ಪು ಬರಲಿದೆ. ಅಬ್ರಹಾಮ ದೇವರ ಮುಂದೆ ನಿಂತು, ಊರಲ್ಲಿ ಐವತ್ತು ಮಂದಿ ನೀತಿವಂತರಿದ್ದರೆ ಎಂದು ಶುರು ಮಾಡುತ್ತಾನೆ. ನಲವತ್ತೈದು, ನಲವತ್ತು, ಮೂವತ್ತು, ಇಪ್ಪತ್ತು, ಹತ್ತು. ಅತ್ತೆ ಬೆರಳು ಮಡಚುತ್ತಾ ಓದಿದರು. ನಮ್ಮ ಸಭೆಯ, ಅಂದರೆ ಚರ್ಚಿನ, ಪ್ರಸಂಗದಲ್ಲಿ ಇದನ್ನು ಯಾವಾಗಲೂ ಚೌಕಾಸಿ ಅಂತಲೇ ಹೇಳುತ್ತಾರೆ. ನಾನೂ ಹಾಗೇ ಅಂದೆ.

ಅತ್ತೆ ಮೂವತ್ತು ವರ್ಷ ಮೈಸೂರಿನ ದೇವರಾಜ ಮಾರ್ಕೆಟ್‌ನಲ್ಲಿ ಹೂವು ಮಾರಿದವರು. "ಇದು ಚೌಕಾಸಿ ಅಲ್ಲ ಕಣಮ್ಮ" ಅಂದರು. "ಮಾರು ಐವತ್ತು ಅಂದ್ರೆ ಮೂವತ್ತಕ್ಕೆ ಕೇಳ್ತಾರೆ, ನಾನು ನಲವತ್ತೈದು ಅಂತೀನಿ. ಇಲ್ಲಿ ನೋಡು, ದೇವ್ರು ಒಂದು ಸಲನಾದ್ರೂ ಆಗಲ್ಲ ಅಂದ್ನಾ? ಕೇಳಿದ್ದಕ್ಕೆಲ್ಲಾ ಹೂಂ ಅಂದ. ನಿಲ್ಲಿಸಿದ್ದು ಅಬ್ರಹಾಮ." ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: "ಒಂದಕ್ಕೂ ಕೇಳಬಹುದಿತ್ತು, ಅಲ್ವಾ?"

ಅಡಿಯಲ್ಲಿ ಯೆರೆಮೀಯ 5:1 ಅಂತ ಇತ್ತು. ತೆಗೆದೆ. ಯೆರೂಸಲೇಮಿನ ಬೀದಿ ಬೀದಿ ಹುಡುಕಿ, ನ್ಯಾಯ ನಡೆಸುವ ಒಬ್ಬನೇ ಒಬ್ಬ ಸಿಕ್ಕರೂ ಊರನ್ನು ಕ್ಷಮಿಸುತ್ತೇನೆ ಅನ್ನುತ್ತಾನೆ ದೇವರು. ಅಲ್ಲಿಂದ ಯೆಹೆಜ್ಕೇಲ 22:30. ಗೋಡೆ ಒಡೆದ ಜಾಗದಲ್ಲಿ ದೇಶಕ್ಕಾಗಿ ನಿಲ್ಲುವ ಒಬ್ಬನನ್ನು ದೇವರೇ ಹುಡುಕುತ್ತಾನೆ, ಯಾರೂ ಸಿಗುವುದಿಲ್ಲ. ಅಲ್ಲಿಂದ ಇಬ್ರಿಯ 7:25. ನಮಗಾಗಿ ಬೇಡಲು ಯೇಸು ಯಾವಾಗಲೂ ಬದುಕಿದ್ದಾನೆ. ಐವತ್ತರಿಂದ ಹತ್ತು, ಹತ್ತರಿಂದ ಒಂದು, ಆ ಒಬ್ಬನೂ ಇಲ್ಲ, ಕೊನೆಗೆ ಆ ಒಬ್ಬ. ಇಷ್ಟು ವರ್ಷ ಈ ವಾಕ್ಯಗಳನ್ನು ಬಿಡಿಬಿಡಿಯಾಗಿ ಕೇಳಿದ್ದೆ. ಒಂದೇ ದಾರದಲ್ಲಿ ಪೋಣಿಸಿದ್ದು ನೋಡಿದ್ದು ಅವತ್ತೇ.

ಇದನ್ನು ಬರೆಯಲು ಸಂಕೋಚ ಆಗುತ್ತದೆ, ಆದರೂ ಬರೆಯುತ್ತೇನೆ. ನಮ್ಮ ಭಾವ, ಅಂದರೆ ಅತ್ತೆಯ ದೊಡ್ಡ ಮಗ, ಮನೆಯನ್ನು ತನ್ನ ಹೆಸರಿಗೆ ಬರೆಸಿಕೊಂಡು ತಾಯಿಯನ್ನು ಬಿಟ್ಟು ಹೋದರು. ಶುಕ್ರವಾರದ ಉಪವಾಸ ಕೂಟದಲ್ಲಿ ನಾನು ಬೇಡುತ್ತಿದ್ದದ್ದು ಒಂದೇ: ಕರ್ತನೇ, ಅವರಿಗೆ ತಕ್ಕ ತೀರ್ಪು ಕೊಡು. ಲೂಕ 9ರಲ್ಲಿ ಯೇಸುವಿನ ಶಿಷ್ಯರಾದ ಯಾಕೋಬ ಯೋಹಾನರು ತಮ್ಮನ್ನು ಸೇರಿಸಿಕೊಳ್ಳದ ಸಮಾರ್ಯದ ಹಳ್ಳಿಯ ಮೇಲೆ ಬೆಂಕಿ ಬೀಳಲಿ ಎನ್ನುತ್ತಾರೆ. ಯೇಸು ಅವರನ್ನೇ ಗದರಿಸುತ್ತಾನೆ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಟ್ಟಿದಾಗಿನಿಂದ ಸಭೆಯಲ್ಲಿದ್ದೇನೆ, ಸಂಡೇ ಸ್ಕೂಲ್ ಮಕ್ಕಳಿಗೆ ಕಲಿಸುತ್ತೇನೆ. ಇಬ್ರಿಯ 5ರಲ್ಲಿ ಹೇಳಿರುವ, ಇನ್ನೂ ಹಾಲೇ ಬೇಕಾದ ಕೂಸು ನಾನೇ. ಗಟ್ಟಿ ಆಹಾರ ತಿನ್ನುವವರು ಅಭ್ಯಾಸದಿಂದ ಒಳ್ಳೇದು ಕೆಟ್ಟದ್ದನ್ನು ಗುರುತಿಸಲು ಕಲಿತವರು ಅಂತ ಅಲ್ಲಿದೆ. ಅತ್ತೆ ಅಂಥವರು. ಮೋಸ ಹೋದವರು ಅವರೇ, ದಿನಾ ರಾತ್ರಿ ಆ ಮಗನಿಗಾಗಿ ಬೇಡುತ್ತಿದ್ದವರೂ ಅವರೇ.

ಹಾಗಂತ ತಪ್ಪು ಸರಿ ಆಗುವುದಿಲ್ಲ. ಅಬ್ರಹಾಮನೂ ಸೊದೋಮ್ ಒಳ್ಳೆಯ ಊರು ಎನ್ನಲಿಲ್ಲ. ಲೋಕಕ್ಕೆಲ್ಲಾ ನ್ಯಾಯ ಕೊಡುವವನು ನ್ಯಾಯ ಮಾಡದೆ ಇರುತ್ತಾನೆಯೇ ಎಂದು ಕೇಳಿದ, ಅಷ್ಟೇ. ಊರು ಸುಟ್ಟೇ ಹೋಯಿತು. ಆದರೆ ಆದಿಕಾಂಡ 19:29ರಲ್ಲಿ ದೇವರು ಅಬ್ರಹಾಮನನ್ನು ನೆನೆದು, ಆ ಊರಲ್ಲಿದ್ದ ಅವನ ಸೋದರನ ಮಗ ಲೋಟನನ್ನು ಹೊರಗೆ ಕಳಿಸಿದ ಅಂತಿದೆ. ಅಬ್ರಹಾಮ ಲೋಟನ ಹೆಸರನ್ನು ಬಾಯಿಬಿಟ್ಟು ಹೇಳಿಯೂ ಇರಲಿಲ್ಲ. ಮನೆಯ ಬಗ್ಗೆ ನಮ್ಮ ಕೇಸ್ ಕೋರ್ಟಿನಲ್ಲಿ ನಡೆಯುತ್ತಿದೆ, ನಾವು ಹಿಂತೆಗೆದಿಲ್ಲ. ನನ್ನ ಪ್ರಾರ್ಥನೆ ಮಾತ್ರ ಬೇರೆಯಾಗಿದೆ.

ಕೊಳ್ಳುವವರಿಗೆ ಇನ್ನೆರಡು ಮಾತು. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಸ್ವಲ್ಪ ಕಾಣುತ್ತದೆ. ಹೊಲಿಗೆ ಗಟ್ಟಿ ಇಲ್ಲ. ಆರನೇ ತಿಂಗಳಿಗೇ ಕೀರ್ತನೆಗಳ ಪುಟ ಸಡಿಲವಾಯಿತು. ಅಂಗಡಿಯಲ್ಲೇ ನಡುವೆ ಬಿಡಿಸಿ ನೋಡಿ ತೆಗೆದುಕೊಳ್ಳಿ, ಬಿಲ್ ಇಟ್ಟುಕೊಳ್ಳಿ. ರೆಫರೆನ್ಸ್ ಇಲ್ಲದ ದೊಡ್ಡ ಅಕ್ಷರದ್ದೂ ಸಿಗುತ್ತದೆ, ಬೆಲೆ ಕಡಿಮೆ. ಅದು ಬೇಡ. ಇದನ್ನೇ ತಂದು, ಜೊತೆಗೆ ಒಂದು ಭೂತಗನ್ನಡಿ ಕೊಳ್ಳಿ.

ನಮ್ಮದನ್ನು ಹೋದ ವಾರ ಬೈಂಡಿಂಗ್‌ಗೆ ಕೊಟ್ಟೆ. ಅಂಚು ಕತ್ತರಿಸಿ ನೀಟ್ ಮಾಡಿ ಕೊಡಲಾ ಎಂದು ಬೈಂಡರ್ ಕೇಳಿದರು. ಒಂದು ನೂಲಿನಷ್ಟೂ ಕತ್ತರಿಸಬೇಡಿ ಅಂದೆ. ಆದಿಕಾಂಡ 18ರ ಪಕ್ಕದ ಖಾಲಿ ಜಾಗದಲ್ಲಿ ಅತ್ತೆ ಪೆನ್ಸಿಲ್‌ನಲ್ಲಿ ದೊಡ್ಡ ಮಗನ ಹೆಸರು ಬರೆದಿದ್ದಾರೆ, ಕೊನೆಯ ಅಕ್ಷರ ಪುಟದ ತುದಿಗೇ ತಾಗಿದೆ.